ಕಣದಲ್ಲಿ ಒಣಗಿದ ಮಸಾಲೆ ದೋಸೆ

ಕೊರೋನಾ ನಮ್ಮ ಮನೆಯೊಳಗೆ ಕಾಲಿಡಬೇಕಾದರೆ ನನ್ನ ಅಪ್ಪಣೆ ಬೇಕು ಎಂದೇ ನಾನು ನಂಬಿದ್ದೆ. ಗೇಟಿನಲ್ಲಿ ಸೋಪು, ಜಗಲಿಯಲ್ಲಿ ಸ್ಯಾನಿಟೈಸರ್, ಬಾಗಿಲಲ್ಲಿ ಖುದ್ದು ನಾನು! ಇದೆಲ್ಲ ಅವ್ವನಿಗಾಗಿ. ಎಪ್ಪತ್ತೆಂಟರ ಅವ್ವನಿಗೆ ಉಬ್ಬಸ. "ಇವ್ರಿಗೆ ಬಂದ್ರೆ ಕಷ್ಟ" ಎಂದು ಡಾಕ್ಟರು ಹೇಳಿದ ದಿನದಿಂದ ನನಗೆ ಅನ್ನ ಸೇರುತ್ತಿರಲಿಲ್ಲ.

ಅಂಥದ್ದರಲ್ಲಿ ಅವ್ವ ಎರಡು ದಿನ ಗಂಜಿ ಮುಟ್ಟದೆ ಕೂತಳು.

"ಮೂಡಿಗೆರೆ ಹೋಟ್ಲಿನ ಮಸಾಲೆ ದೋಸೆ ತಂದ್ಕೊಡು. ಇಲ್ದಿದ್ರೆ ನಂಗೆ ಏನೂ ಬೇಡ."

ಹೊರಟೆ. ಹೋಟೆಲಿನಲ್ಲಿ ಅರ್ಧ ಗಂಟೆ ಕಾಯಬೇಕಾಯಿತು. ಹಳೇ ಗೆಳೆಯ ಸುರೇಶ ಸಿಕ್ಕಿದ. ಕಾಫಿ ಕುಡಿಯುತ್ತಾ, ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಈ ವರ್ಷ ಕೈಕೊಟ್ಟದ್ದನ್ನು ಮಾತಾಡುತ್ತಾ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಮನೆಗೆ ಬಂದವನು ಒಳಗೆ ಹೋಗಲಿಲ್ಲ. ಶತ್ರು ಪೊಟ್ಟಣದಲ್ಲಿದ್ದಾನೆ! ಕಾಫಿ ಬೀಜ ಒಣಗಿಸುವ ಕಣ ಖಾಲಿಯಿತ್ತು. ಗ್ಲೌಸು ತೊಟ್ಟು, ದೋಸೆಯನ್ನು ಬಾಳೆಲೆ ಸಮೇತ ಸುಡುಬಿಸಿಲಿಗೆ ಹರವಿದೆ. ಹತ್ತು ನಿಮಿಷಕ್ಕೊಮ್ಮೆ, ಬೀಜ ಎಳೆಯುವ ಮರದ ಹಲಗೆಯಿಂದಲೇ ತಿರುವಿ ಹಾಕಿದೆ.

ಹೆಂಡತಿ ಸವಿತಾ ಜಗಲಿಯಿಂದಲೇ ಕೂಗಿದಳು. "ರೀ, ಅದು ದೋಸೆ ಕಣ್ರೀ! ಕಾಫಿ ಬೀಜ ಅಲ್ಲ!"

"ಸುಮ್ನಿರು ಮಾರಾಯ್ತಿ. ಅವ್ವನ ಜೀವದ ಪ್ರಶ್ನೆ."

"ಒಣಗಿತೇನೋ?" ಕಿಟಕಿಯಿಂದ ಅವ್ವನ ಕ್ಷೀಣ ದನಿ.

ಎರಡು ಗಂಟೆಯಲ್ಲಿ ದೋಸೆ ಹಪ್ಪಳವಾಯಿತು. ನನ್ನ ಭಯ ಮಾತ್ರ ಹಾಗೇ ಇತ್ತು. ಅಂಗಳದ ಒಲೆ ಹೊತ್ತಿಸಿ, ದೋಸೆ, ಪಲ್ಯ, ಚಟ್ನಿ ಎಲ್ಲವನ್ನೂ ಕುಕ್ಕರಿಗೆ ಹಾಕಿ ಮೂರು ಸೀಟಿ ಹೊಡೆಸಿದೆ. ಮುಚ್ಚಳ ತೆಗೆದರೆ ಬೂದು ಬಣ್ಣದ ಒಂದು ಮುದ್ದೆ!

ಅದನ್ನು ನೋಡಿ ಸವಿತಾಗೆ ತಡೆಯಲಾಗಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿಯೇಬಿಟ್ಟಳು.

"ತಿಂಡಿಯಿಂದ ಬರೋದು ತೀರಾ ಅಪರೂಪ," ಎಂದರು ಡಾಕ್ಟರು. "ಕೈ ತೊಳ್ಕೊಂಡು, ಬಿಸಿ ಮಾಡಿ ತಿಂದ್ರೆ ಆಯ್ತು. ಜನ ಹತ್ರ ನಿಂತು ಮಾತಾಡ್ತಾರಲ್ಲ, ಹೆದರ್ಬೇಕಾದ್ದು ಅದಕ್ಕೆ. ಪಾರ್ಸಲ್ ತಂದೋರು ಯಾರು?"

"ನಾನೇ ಸಾರ್."

"ಮಾಸ್ಕ್ ಹಾಕಿದ್ರಾ?"

"ಹಾಕಿದ್ದೆ."

"ಮೂಗಿಗಾ?"

ಮುಖ ಮುಟ್ಟಿ ನೋಡಿಕೊಂಡೆ. ಕಾಫಿ ಕುಡಿಯಲೆಂದು ಗದ್ದಕ್ಕೆ ಇಳಿಸಿದ ಮಾಸ್ಕ್ ಇನ್ನೂ ಅಲ್ಲೇ ಇತ್ತು!

"ಬಂದ್ಮೇಲೆ ಅಮ್ಮನ ಹತ್ರ ಹೋಗಿದ್ರಾ?"

"ಇಲ್ಲ ಸಾರ್. ದೋಸೆ ತಿರುವ್ತಾ ಇದ್ದೆ."

"ಸದ್ಯ! ಈಗ್ಲೂ ಹೋಗ್ಬೇಡಿ."

ಅಲ್ಲಿಂದಲೇ ಚಾಪೆ ಹಿಡಿದು ಕಣದಾಚೆಯ ಕಾಫಿ ಗೋಡೌನಿಗೆ ನಡೆದೆ. ಎರಡನೇ ದಿನ ಸುರೇಶನ ಫೋನು. "ನಂಗೆ ಪಾಸಿಟಿವ್ ಮಾರಾಯ. ನೀನ್ ಹೇಗಿದ್ದಿ?" ಆಗಲೇ ನನ್ನ ಮೈ ಸುಡುತ್ತಿತ್ತು. ಜ್ವರ ಹೇಗೋ ಸಹಿಸಿದೆ. ಆ ಕಡೆಯಿಂದ ಅವ್ವನ ಕೆಮ್ಮು ಕೇಳಿದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ಗೋಣಿಚೀಲಗಳ ನಡುವೆ ಕೂತು ದೇವರೇ ದೇವರೇ ಅನ್ನುತ್ತಿದ್ದೆ.

ಹತ್ತು ದಿನ ಕಳೆಯಿತು, ನನ್ನ ಜ್ವರವೂ ಬಿಟ್ಟಿತು. ಅವ್ವನಿಗೆ ಮಾಡಿಸಿದ ಟೆಸ್ಟಿನ ರಿಪೋರ್ಟ್ ನೆಗೆಟಿವ್ ಬಂತು. ನಾನು ಗೋಡೌನಿನ ಬಾಗಿಲಲ್ಲಿ ನಿಂತು ಮಗುವಿನಂತೆ ಅತ್ತುಬಿಟ್ಟೆ. ಅವ್ವ ಎದುರಿನ ಜಗಲಿಯಲ್ಲಿ ಕೂತು, ಸವಿತಾ ಹೊಯ್ದುಕೊಟ್ಟ ಬಿಸಿ ದೋಸೆ ತಿನ್ನುತ್ತಿದ್ದಳು.

"ಅವ್ವಾ, ಇನ್ನು ಒಳಗೆ ಬರ್ಲಾ?"

ಅವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸೊಸೆಯ ಕಡೆ ತಿರುಗಿದಳು.

"ಸವಿತಾ, ಇವನ್ನ ಎರಡು ಗಂಟೆ ಕಣಕ್ಕೆ ಹಾಕೇ. ಮಧ್ಯೆ ಮಧ್ಯೆ ತಿರುವಿ ಹಾಕೋದು ಮರೀಬೇಡ!"