ದಡಿ ಅಳೆಯದ ಗಾಡಿ

ಹರಿದ ಎಳೆಯನ್ನು ಗಂಟು ಕಾಣದಂತೆ ಜೋಡಿಸಬಲ್ಲೆ. ಇಳಕಲ್ಲ ಸೀರೆಯ ಒಡಲಿಗೂ ಸೆರಗಿಗೂ ಕೊಂಡಿ ಹಾಕಬಲ್ಲೆ. ಹೀಗಿರುವಾಗ ನಾಲ್ಕು ಗಾಲಿಯ ಗಾಡಿಯೊಂದನ್ನು ತುಸು ಅಗಲ ಮಾಡುವುದು ನನಗೆ ಎಷ್ಟರ ಕೆಲಸ ಎಂದುಕೊಂಡೆ. ಎಲ್ಲವೂ ಶುರುವಾದದ್ದು ಈ ಎಂದುಕೊಳ್ಳುವುದರಿಂದಲೇ.

ಗಾಡಿ ನಮ್ಮನೆಯವರದು. ಬೈಕಿನಂಥ ಹ್ಯಾಂಡಲ್ಲು, ನಾಲ್ಕು ದಪ್ಪ ಗಾಲಿ, ಒಬ್ಬರೇ ಕೂಡುವ ಸೀಟು. ಎಟಿವಿ ಎನ್ನುತ್ತಾರೆ. ಬಾದಾಮಿಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸಿ ಹಳತಾಗಿದ್ದನ್ನು ತಂದು ಪಡಸಾಲೆಯಲ್ಲಿ ಮಗ್ಗದ ಪಕ್ಕ ನಿಲ್ಲಿಸಿದ್ದರು. ದಿಬ್ಬದ ಮೇಲೆ ತಿರುಗಿಸಿದರೆ ಅದು ಪಲ್ಟಿ ಹೊಡೆಯುತ್ತಿತ್ತು. ಮೈ ತರಚಿಕೊಂಡು ಬಂದವರು ನನಗೆ, “ನೀ ಒಂದು ಸುತ್ತ ಹೊಡೀಬೇಕು ನೋಡು” ಎನ್ನುತ್ತಿದ್ದರು. ಗಾಲಿ ಅಗಲವಾದರೆ ಪಲ್ಟಿಯಾಗುವುದಿಲ್ಲ ಎಂದೂ ಹೇಳುತ್ತಿದ್ದರು.

“ಮದಲ ಅದನ್ನ ಅಗಲ ಮಾಡ್ರಿ. ಆಮ್ಯಾಲೆ ಹತ್ತತೇನಿ” ಎಂದಿದ್ದೆ.

ಅವರು ಮಾತನ್ನು ಮನಸ್ಸಿಗೆ ಹಚ್ಚಿಕೊಂಡು ಸಾಮಾನು ತರಿಸಿದರು. ಸಾಮಾನಿನ ಡಬ್ಬಿ ಬರುವುದರೊಳಗೆ ಅವರೇ ಹೋದರು. ಎದೆನೋವು ಎಂದರು, ಬಾಗಲಕೋಟೆಯ ದವಾಖಾನೆ ಮುಟ್ಟಲಿಲ್ಲ. ಡಬ್ಬಿಯ ಮೇಲೆ ಅವರ ಹೆಸರಿತ್ತು. ಸಹಿ ನಾನು ಹಾಕಿದೆ.

ಗಾಡಿ ಮಾರಿದವನೇ ಬಾದಾಮಿಯಿಂದ ಫೋನು ಮಾಡಿ, ಸೋಮವಾರ ಬಂದು ವಾಪಸು ಒಯ್ಯುತ್ತೇನೆ ಎಂದ. ಆಗಲಿ ಎಂದೆ. ಆದರೆ ಅದಕ್ಕೂ ಮುಂಚೆ ಹತ್ತಬೇಕಿತ್ತು. ಅಗಲವಾದರೆ ಹತ್ತುತ್ತೇನೆ ಎಂದವಳು ನಾನು, ಅಗಲ ಮಾಡುವ ಸಾಮಾನು ಬಂದು ಕೂತಿತ್ತು.

ಮೆಕ್ಯಾನಿಕ್ಕನನ್ನು ಕರೆಯಲು ನೆರೆಮನೆಯ ಬಸಪ್ಪ ಕಾಕಾ ಬಿಡಲಿಲ್ಲ. ಅವರು ಹಿಂದೆ ಸೈಕಲ್ ಅಂಗಡಿ ಇಟ್ಟವರು. “ಸೈಕಲ್ಲಿಗೆ ಎರಡು ಗಾಲಿ. ಇದಂದ್ರ ಎರಡು ಸೈಕಲ್ಲು, ಅಷ್ಟ” ಎಂದು ಪಾನಾ ಹಿಡಿದು ಬಂದರು. ಆ ಲೆಕ್ಕ ನನಗೂ ಸರಿ ಕಂಡಿತು!

ಗಾಲಿಗಳನ್ನು ಹಿಡಿದಿದ್ದ ಗಿಡ್ಡ ತೋಳುಗಳನ್ನು ಬಿಚ್ಚಿ ಉದ್ದನೆಯ ತೋಳುಗಳನ್ನು ಕೂಡಿಸಿದೆವು. ಹಿಂದಿನ ಗಾಲಿಗಳಿಗೆ ದಪ್ಪನೆಯ ಬಿಲ್ಲೆ ಕೊಟ್ಟು ಅವನ್ನೂ ಹೊರಗೆ ಸರಿಸಿದೆವು. ಹೊಸ ಸ್ಪ್ರಿಂಗು ಮಾತ್ರ ಕೇಳಲಿಲ್ಲ. ಮೇಲಿನಿಂದ ಭಾರ ಬಿದ್ದರಷ್ಟೇ ಅದರ ತೂತು ಬೋಲ್ಟಿಗೆ ಸಿಗುತ್ತದೆ ಎಂದರು ಕಾಕಾ. ಮನೆಯಲ್ಲಿದ್ದ ಭಾರವೆಂದರೆ ನಮ್ಮ ಅತ್ತೆ. ಮಗ ಹೋದಾಗಿನಿಂದ ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಕೂಡ್ರಿ ಎಂದಾಗ ಏಕೆಂದು ಕೇಳದೆ ಹತ್ತಿ ಕೂತರು. ಬೋಲ್ಟು ಕೂತಿತು. ಆ ಸಂಭ್ರಮದಲ್ಲಿ ನಾವು ಚಹಾ ಕುಡಿಯಲು ಹೋದೆವು. ಅತ್ತೆಯನ್ನು ಇಳಿಸುವುದು ಮರೆತಿತ್ತು.

ಬಂದು ನೋಡಿದರೆ ಇನ್ನೊಂದು ವಿಶೇಷ. ಮುಂದಿನ ಗಾಲಿಗಳು ಪರಸ್ಪರ ಮುನಿಸಿಕೊಂಡವರಂತೆ ಮೋರೆ ತಿರುವಿ ನಿಂತಿದ್ದವು. ಒಂದು ಹುನಗುಂದದ ಕಡೆ, ಇನ್ನೊಂದು ಕುಷ್ಟಗಿಯ ಕಡೆ. ನಡುವೆ ಇಳಕಲ್ಲಿನಲ್ಲಿ ಅತ್ತೆ! ತೋಳು ಉದ್ದವಾದ ಮೇಲೆ ಹ್ಯಾಂಡಲ್ಲಿನಿಂದ ಗಾಲಿಗೆ ಹೋಗುವ ಸಲಾಕೆಗಳೂ ಉದ್ದವಾಗಬೇಕು ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ಸೈಕಲ್ಲಿಗೆ ಆ ಸಲಾಕೆ ಇರುವುದಿಲ್ಲ ಎಂದು ಕಾಕಾ ಗಾಡಿಯ ಮೇಲೆಯೇ ತಪ್ಪು ಹೊರಿಸಿದರು. ಆಮೇಲೆ ಸಲಾಕೆಗಳನ್ನು ಒಯ್ದು ಬೆಸುಗೆ ಹಾಕಿಸಿ ಉದ್ದ ಮಾಡಿಸಿ ತಂದರು.

ಭಾನುವಾರ ಗಾಡಿ ನೆಟ್ಟಗೆ ನಿಂತಿತು. ಈಗ ಬಾಗಿಲು ದಾಟಿಸಬೇಕು. ನಾನು ಅವಸರದವಳಲ್ಲ, ಅಳೆದೇ ಮುಂದಿನ ಮಾತು. ನೂಲು ಹಿಡಿದು ಬಾಗಿಲನ್ನು ಅಳೆದೆ. ಅದೇ ನೂಲನ್ನು ಗಾಡಿಯ ಮುಂದೆ ಹಿಡಿದೆ. ಎರಡೂ ಕಡೆ ಹೆಚ್ಚುಕಡಿಮೆ ಗೇಣು ನೂಲು ಉಳಿಯಿತು. ಸೆರಗು ಸಿಕ್ಕಿಸಿ ಹತ್ತಿ ಕೂತೆ, ಸ್ಟಾರ್ಟ್ ಮಾಡಿದೆ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಬೇಕು ಎಂದು ನಮ್ಮನೆಯವರು ಹೇಳಿಕೊಟ್ಟಿದ್ದರು. ಮೆಲ್ಲಗೆ ಎಂದರೆ ಎಷ್ಟು ಎಂದು ಹೇಳಿರಲಿಲ್ಲ.

ಗಾಡಿ ಹಾರಿ ಬಾಗಿಲಿಗೆ ಹೊಕ್ಕಿತು. ಹೊಕ್ಕಿದ್ದು ಅಲ್ಲೇ ನಿಂತಿತು. ಮುಂದಿನ ಎರಡೂ ಟೈರು ಚೌಕಟ್ಟಿನ ನಡುವೆ ಬೆಣೆಯಂತೆ ಸಿಕ್ಕಿಕೊಂಡವು. ಮುಂದಕ್ಕಿಲ್ಲ, ಹಿಂದಕ್ಕಿಲ್ಲ. ಎಂಜಿನ್ನೂ ಬಂದ್ ಆಯಿತು.

ಅತ್ತೆ ಬಂದು ಬಗ್ಗಿ ನೋಡಿದರು. “ಎಲ್ಲಿಂದ ಎಲ್ಲಿಗೆ ಅಳದಿ ನೀ?”

ಈ ಗಾಲಿಯಿಂದ ಆ ಗಾಲಿಗೆ ಎಂದು ತೋರಿಸಿದೆ. ಬೆರಳು ನಿಂತದ್ದು ಗಾಲಿಗಳ ಒಳಮೈಗೆ.

“ಒಡಲು ಅಳದಿ. ದಡಿ ಯಾರು ಅಳೀಬೇಕಿತ್ತು?”

ನಮ್ಮಲ್ಲಿ ಸೀರೆಯ ಒಡಲಿನ ಅಗಲ ಬೇರೆ, ಅಂಚಿನ ದಡಿಯದು ಬೇರೆ. ಒಡಲು ಅಳೆಯುವಾಗ ದಡಿ ಹಿಡಿಯುವುದಿಲ್ಲ. ಇಷ್ಟು ವರ್ಷ ನೇಯ್ದ ಕೈ ತಾನಾಗಿಯೇ ಒಡಲನ್ನಷ್ಟೇ ಅಳೆದಿತ್ತು. ಗೇಣು ದಪ್ಪದ ಟೈರುಗಳೆರಡೂ ದಡಿಯಾಗಿ ಲೆಕ್ಕದಿಂದ ಹೊರಗುಳಿದಿದ್ದವು.

ಅದೇ ಹೊತ್ತಿಗೆ ಹುನಗುಂದದಿಂದ ನಮ್ಮನ್ನು ಮಾತಾಡಿಸಿ ಸಮಾಧಾನ ಹೇಳಲು ಬಳಗದ ಇಬ್ಬರು ಹೆಂಗಸರು ಬಂದರು. ಅಳುವುದಕ್ಕೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ಕಟ್ಟೆ ಹತ್ತಿದವರು ತಲೆಯೆತ್ತಿದರೆ, ಬಾಗಿಲಲ್ಲಿ ಗಾಡಿ ಏರಿ ನಾನು! ಏನು ಮಾಡಬೇಕೆಂದು ತಿಳಿಯದೆ ಸೆರಗನ್ನು ಅಲ್ಲೇ ಹಿಡಿದು ನಿಂತರು. ನನಗೂ ಇಳಿಯಲು ತೋಚಲಿಲ್ಲ.

ಬೆನ್ನ ಹಿಂದಿನಿಂದ ಅತ್ತೆ ಕೂಗಿ ಹೇಳಿದರು: “ಹಿತ್ತಲ ಬಾಗಲಾಗಿಂದ ಬರ್ರಿ. ನಮ್ಮ ಸೊಸಿ ಬಾದಾಮಿಗೆ ಹೊಂಟಾಳ.”

ಹೇಳಿ ಅವರೇ ನಕ್ಕರು. ಆ ನಗು ಕೇಳಿ ಬಹಳ ದಿನವಾಗಿತ್ತು. ನಕ್ಕು ನಕ್ಕು ಮಗ್ಗದ ಕಂಬ ಹಿಡಿದು ಕೂತರು, ಆಮೇಲೆ ಕಣ್ಣು ಒರೆಸಿಕೊಂಡರು. ನಾನು ಮುಖ ಮುಂದಕ್ಕೆ ತಿರುಗಿಸಿಕೊಂಡೆ.

ಸಂಜೆ ಕಾಕಾ ಟೈರಿನ ಗಾಳಿ ಬಿಟ್ಟು ಗಾಡಿಯನ್ನು ಹಿಂದಕ್ಕೆ ಎಳೆದರು. ಸೋಮವಾರ ಬಾದಾಮಿಯವನು ಬಂದು ಬಾಗಿಲು ನೋಡಿದ, ಗಾಡಿ ನೋಡಿದ, ನನ್ನನ್ನೂ ನೋಡಿ ಬರಿಗೈಯಲ್ಲಿ ಹೋದ. ಈಗ ಅತ್ತೆ ಅದರ ಮೇಲೆ ಕೂತು ನೂಲು ಬಿಡಿಸುತ್ತಾರೆ. ಹೊಸ ಸ್ಪ್ರಿಂಗು ಮೆತ್ತಗಿದೆಯಂತೆ.

ಮಾತಿನಂತೆ ನಾನು ಹತ್ತಿದ್ದೇನೆ. ಮಗ್ಗದಿಂದ ಹೊಸ್ತಿಲವರೆಗೆ ಓಡಿಸಿಯೂ ಇದ್ದೇನೆ. ಅಗಲವಾದರೆ ಪಲ್ಟಿಯಾಗುವುದಿಲ್ಲ ಎಂದು ನಮ್ಮನೆಯವರು ಹೇಳಿದ್ದು ಖರೆ. ಪಲ್ಟಿಯಾಗಲಿಲ್ಲ.

ಆಗುವುದಕ್ಕೆ ಜಾಗವೇ ಇರಲಿಲ್ಲ!