ಹಂಚಿನ ಮೇಲಿನ ಹೊಟ್ಟೆ

೧೯೦೬ನೇ ಇಸವಿಯಲ್ಲಿ, ಕನ್ನಡ ಮೂರನೆಯ ಇಯತ್ತೆ ಅರ್ಧಕ್ಕೆ ಬಂದಾಗ, ನಾನು ಸಾಲೆ ಬಿಟ್ಟೆ. ಸಾಲೆಯೇ ನನ್ನನ್ನು ಬಿಟ್ಟಿತೆಂದು ಹೇಳುವವರು ಬೆಳಗಾವಿಯಲ್ಲಿ ಇನ್ನೂ ಇದ್ದಾರೆ. ಅವರ ಮನೆಗಳು ಮಳೆಗಾಲದಲ್ಲಿ ಸೋರುತ್ತವೆ, ಏಕೆಂದರೆ ಅವರ ಮಾಡಿಗೆ ನಾನು ಹತ್ತುವುದಿಲ್ಲ. ನನ್ನ ಉದ್ಯೋಗ ಹಂಚು ಕೈಯಾಡಿಸುವುದು. ಮಳೆ ಹಿಡಿಯುವ ಮುಂಚೆ ಮಾಡು ಹತ್ತಿ, ಒಡೆದ ಹಂಚು ತೆಗೆದು, ಸರಿದದ್ದನ್ನು ಕೂಡಿಸಿ, ಹೊಸದನ್ನು ಹೊದಿಸಿ ಇಳಿಯುತ್ತೇನೆ. ಈ ಕೈ ಆಡಿದ ಮಾಡಿನ ಕೆಳಗೆ ಇಂದಿನವರೆಗೆ ಯಾರೂ ಸೋರುವ ನೀರಿಗೆ ಬೋಗುಣಿ ಬಾಜೂಕ್ಕಿಟ್ಟುಕೊಂಡು ಮಲಗಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ; ವಿನಯವನ್ನು ಮೂರನೆಯ ಇಯತ್ತೆಯ ಆಚೆ ಕಲಿಸುತ್ತಾರಂತೆ.

ಈ ಕೆಲಸಕ್ಕೊಂದು ಪದ್ಧತಿ ಇದೆ. ಮಾಡಿನಿಂದ ಇಳಿದವನನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದರೆ ಆ ಮನೆ ಸೋರುತ್ತದೆಂದು ನಮ್ಮ ಕಡೆಯ ಹೆಣ್ಣುಮಕ್ಕಳು ನಂಬಿದ್ದಾರೆ. ಈ ನಂಬಿಕೆಯನ್ನು ಮೊದಲು ಹಬ್ಬಿಸಿದವನು ಹಂಚಿನವನೇ ಇರಬೇಕು; ಆ ಪುಣ್ಯಾತ್ಮನಿಗೆ ಕೈ ಮುಗಿಯುತ್ತೇನೆ. ಲಿಂಗಾಯತರ ಮನೆಯಲ್ಲಿ ಹೋಳಿಗೆ, ಜೈನರ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆ ತುಪ್ಪ ಹಾಕಿದ ಮಂಡಿಗೆ. ಊಟದ ವಿಷಯದಲ್ಲಿ ನಾನು ಭೇದ ಮಾಡುವವನಲ್ಲ. ಬೇಡ ಅನ್ನುವಂತೆಯೂ ಇಲ್ಲ; ಬೇಡ ಅಂದರೆ ಆ ಹೆಣ್ಣುಮಕ್ಕಳ ಮುಖ ಸಪ್ಪಗಾಗಿ, ಮೋಡದ ಕಡೆಗೊಮ್ಮೆ ನೋಡುತ್ತಾರೆ. ಹೀಗೆ ಮನೆಗಳು ಹೆಚ್ಚಿದಂತೆ ನಾನೂ ಹೆಚ್ಚಿದೆ.

ಹೋದ ವರ್ಷ ಖಾನಾಪುರದ ಚಂಪಾಬಾಯಿ ಅಕ್ಕಾವರ ಮನೆಯಲ್ಲಿ ಅನಾಹುತವಾಯಿತು. ಜೈನರ ಹಳೆಯ ದೊಡ್ಡ ಮನೆ, ನಮ್ಮಪ್ಪನ ಕಾಲದಿಂದ ನಮ್ಮದೇ ಮಾಡು. ನಟ್ಟನಡುವೆ ಹೋಗುತ್ತಿದ್ದೆ, ಕಾಲ ಕೆಳಗೆ ಹಂಚು ಹೊತ್ತ ಕಟ್ಟಿಗೆಯ ರೀಪು ಚಟ್ಟೆಂದಿತು, ನನ್ನ ಬಲಗಾಲು ತೊಡೆಯತನಕ ಪಡಸಾಲೆಯೊಳಗೆ ಇಳಿಯಿತು. ಕೆಳಗೆ ಅಕ್ಕಾವರು ಅಕ್ಕಿ ಆರಿಸುತ್ತ ಕೂತಿದ್ದರು. ಕತ್ತೆತ್ತಿ ನೋಡಿ, ಒಂದಿಷ್ಟೂ ಗಾಬರಿಯಾಗದೆ ಕೇಳಿದರು: “ಭೀಮಪ್ಪಾ, ಕಾಲಷ್ಟ ಬಂತಲ್ಲೋ. ನೀ ಯಾವಾಗ ಬರ್ತಿ?”

ಊಟಕ್ಕೆ ಬಡಿಸುವಾಗ ಅಕ್ಕಾವರ ಮುಖದಲ್ಲಿ ನಗು ಇರಲಿಲ್ಲ. “ಮುಂದಿನ ವರ್ಷ ಅರ್ಧಾ ಆಗಿ ಬಾ. ಇಲ್ಲಾಂದ್ರ ನಿನ್ನ ಹೆಂಡ್ತಿ ತಮ್ಮನ್ನ ಕಳಸು,” ಎಂದರು.

ನನ್ನ ಹೆಂಡತಿಯ ತಮ್ಮ ಮಲ್ಲ್ಯಾ ಒಣಗಿದ ತೊಗರಿಕಟ್ಟಿಗೆಯಂಥವನು. ಹಂಚಿನ ಮೇಲೆ ಬೆಕ್ಕಿನಂತೆ ನಡೆಯುತ್ತಾನೆ, ಕೆಲಸವನ್ನೂ ಬೆಕ್ಕಿನಷ್ಟೇ ಮಾಡುತ್ತಾನೆ. ನಮ್ಮಪ್ಪನ ಮಾಡಿನ ಮೇಲೆ ಮಲ್ಲ್ಯಾ! ಆ ಮಂಡಿಗೆ ನುಂಗಲು ನನಗೆ ಮೊದಲ ಸಲ ಕಷ್ಟವಾಯಿತು. ನಾಲ್ಕೇ ತಿಂದು ಎದ್ದೆ.

ಬೆಳಗಾವಿಗೆ ಬಂದವನು ನೇರವಾಗಿ ಗೆಳೆಯ ತವನಪ್ಪನ ಬೆಲ್ಲದ ಅಂಗಡಿಗೆ ಹೋಗಿ ದೊಡ್ಡ ತಕ್ಕಡಿಯಲ್ಲಿ ಕೂತೆ. ಮರುದಿನವೂ ಹೋದೆ, ಅದರ ಮರುದಿನವೂ ಹೋದೆ. ತವನಪ್ಪನಿಗೆ ತಲೆ ಕೆಟ್ಟಿತು.

“ಏ ದೋಸ್ತಾ, ಈ ಹೊಟ್ಟಿ ಬೆಳಸಾಕ ಎಷ್ಟ ವರ್ಷ ತಗೊಂಡಿ? ಇಳಸಾಕ ಮೂರ ದಿನಾ ಸಾಕೇನ? ಸ್ವಲ್ಪ ತಾಳ್ಮಿ ಇರಬೇಕೋ.”

“ಎಷ್ಟ ದಿನದ ತಾಳ್ಮಿ?”

“ಒಂದ ವರ್ಷದ್ದ ಅನ್ನು.”

“ಲಗೂನ ಆಗೂವಂಥಾ ತಾಳ್ಮಿ ಇಲ್ಲೇನ?”

ತವನಪ್ಪ ಬೇರೆ ಗಿರಾಕಿಯ ಕಡೆ ತಿರುಗಿದ. ಆಚೆಯ ತಟ್ಟೆಯಲ್ಲಿ ತೂಕ ಸರಿಮಾಡಲೆಂದು ಇಟ್ಟಿದ್ದ ಬೆಲ್ಲದ ಚೂರನ್ನು ಬೇಸರಕ್ಕೆ ನಾನೇ ಬಾಯಿಗೆ ಹಾಕಿಕೊಂಡೆ.

ದೇಶದಲ್ಲಿ ಆಗ ಉಪವಾಸದ ಗಾಳಿ ಬೀಸುತ್ತಿತ್ತು. ದೊಡ್ಡವರು ಉಪವಾಸ ಕೂತು ಸರಕಾರವನ್ನೇ ಅಲುಗಾಡಿಸುತ್ತಿದ್ದರು. ನಾನು ಸೋಮವಾರಕ್ಕೊಮ್ಮೆ ಕೂತೆ. ನನ್ನ ಉಡದಾರವೂ ಸಡಿಲಾಗಲಿಲ್ಲ. ಹೆಂಡತಿ ಗಂಗವ್ವನನ್ನು ಕೇಳಿದರೆ, “ಮುಂಜಾನಿಂದ ಉಪವಾಸ ಇದ್ದದ್ದು ಖರೇ ರೀ. ಸಂಜೀಕ ಆ ಸಾಬೂದಾಣಿ ಯಾರ ಹೊಟ್ಟ್ಯಾಗ ಹೋತು? ನಿಮ್ಮ ಉಪವಾಸದಾಗ ಮನ್ಯಾಗಿನ ಶೇಂಗಾ ಖಾಲಿ ಆದೂವು,” ಅಂದಳು. ಖಾನಾಪುರದ ಕಡೆ ಕೆಲಸವಿದ್ದಾಗ ರೈಲಿನಿಂದ ನಡುವಿನ ದೇಸೂರಿಗೇ ಇಳಿದು, ಉಳಿದ ದಾರಿಯನ್ನು ನಡೆದು ನೋಡಿದೆ. ಅರ್ಧ ದಾರಿಯಲ್ಲೇ ಹಸಿವು ನನಗಿಂತ ಮುಂದೆ ನಡೆಯತೊಡಗಿತು. ಊರು ಮುಟ್ಟಿ ಅದನ್ನು ಸಮಾಧಾನ ಮಾಡಲು ಎರಡು ಊಟ ಹಿಡಿದವು.

ಹೀಗೆ ವರ್ಷ ತಿರುಗಿತು. ಮುಗಿಲು ಕಪ್ಪಾಗುತ್ತಿದ್ದಂತೆ ಚಂಪಾಬಾಯಿಯವರ ಮನೆಗೆ ಹೋಗಿ, ಅವರ ಕಣ್ಣಿಗೆ ಬೀಳದೆ, ಹಿತ್ತಲ ಕಡೆಯಿಂದ ಏಣಿ ಹಚ್ಚಿದೆ. ಉಸಿರು ಒಳಗೆಳೆದುಕೊಂಡು ಮೊದಲ ಹೆಜ್ಜೆ ಇಟ್ಟೆ. ಸದ್ದಿಲ್ಲ. ಹೋದ ವರ್ಷ ಕಾಲು ಇಳಿದ ಜಾಗಕ್ಕೆ ಬೇಕೆಂದೇ ಹೋಗಿ ನಿಂತೆ. ಕಲ್ಲಿನ ಮೇಲೆ ನಿಂತಂತಿತ್ತು! ನನ್ನ ಉಪವಾಸಗಳು ತಕ್ಕಡಿಗೆ ಕಾಣದಿದ್ದರೂ ಹಂಚಿಗೆ ತಿಳಿದಿವೆ ಅಂದುಕೊಂಡೆ. ಸಂಜೆಯೊಳಗೆ ಮಾಡು ಮುಗಿಸಿ, ಮೀಸೆಯ ಮೇಲೆ ಕೈಯಾಡಿಸಿಕೊಂಡು, ಎಲೆಯನ್ನಷ್ಟೇ ನೋಡುತ್ತ, ಪಡಸಾಲೆಗೆ ಊಟಕ್ಕೆ ಬಂದೆ.

“ನೋಡ್ರೀ ಅಕ್ಕಾರ, ಹೆಂಗ ಬಡವಾಗೀನಿ! ಒಂದ ರೀಪಾದ್ರೂ ಚಟ್ ಅಂತೇನು?”

ಅಕ್ಕಾವರು ಮಂಡಿಗೆ ಬಡಿಸುತ್ತ, “ಹಿಂದ ನೋಡು,” ಎಂದರು.

ತಿರುಗಿದೆ. ಆನೆ ಕಟ್ಟಬಹುದಾದಂಥ ಎರಡು ಹೊಸ ಸಾಗವಾನಿ ಕಂಬ, ಅವುಗಳ ಮೇಲೆ ಅಷ್ಟೇ ದಪ್ಪನೆಯ ತೊಲೆ, ಮಾಡನ್ನು ಒಳಗಿನಿಂದ ಎತ್ತಿ ಹಿಡಿದು ನಿಂತಿದ್ದವು.

“ದೀಪಾವಳಿ ಮುಗದ ಕೂಡಲೇ ಬಡಿಗ್ಯಾನ್ನ ಕರಿಸೇನಿ. ನೀ ಬಡವಾಗೂ ಹಾದಿ ಕಾಯಕೋತ ಕುಂತಿದ್ರ ಮನಿ ಹೊಳಿ ಆಗ್ತಿತ್ತು.”

“ಮತ್ತ ಮಲ್ಲ್ಯಾನ್ನ ಕರಸಬೇಕಿತ್ತಲ್ರಿ?”

“ಅಂವಾ ಹಂಚ ಹೊದಿಸಿದ್ರ ಮಳೀನ ಒಳಗ ಬಂದು ಕುಂದರ್ತದ. ಮಾಡಿಗೆ ನಿನ್ನ ಕೈ ಬೇಕಪಾ. ಕೈ ಬೇಕಂದ್ರ ಹೊಟ್ಟೀನೂ ಬರ್ತದ, ಏನ್ ಮಾಡೂದು? ಉಣ್ಣು, ಆರಿ ಹೋಗ್ತದ.”

ಏಳು ಮಂಡಿಗೆ ತಿಂದೆ. ಈಗ ನನ್ನ ಹತ್ತಿರ ಬೆಳಗಾವಿಯಲ್ಲಿ ಹದಿನಾಲ್ಕು ಮನೆಗಳ ಮಾಡು, ಖಾನಾಪುರದಲ್ಲಿ ಐದು, ಹಲಸಿಯಲ್ಲಿ ಒಂದು, ಎರಡು ಏಣಿ, ಒಬ್ಬಳು ಹೆಂಡತಿ, ಮತ್ತು ಪರರ ಪಡಸಾಲೆಯಲ್ಲಿ ನನಗೆಂದೇ ನಿಲ್ಲಿಸಿದ ಎರಡು ಕಂಬ ಇವೆ.