ಜಪಾನ್ ಮಿಷಿನ್ನಿಗೆ ಕನ್ನಡ ಬತ್ತದಾ?

ಪ್ರೆಸ್ ನಡೆಸುವವರ ಕೈಯಿಂದ ಮಸಿ ಹೇಗೆ ಪೂರ್ತಿ ಹೋಗುವುದಿಲ್ಲವೋ, ಹಾಗೇ ಅವರ ಬಾಗಿಲಿಂದ ತಮಾಷೆಯೂ ಹೋಗುವುದಿಲ್ಲ. ಒಂದನ್ನು ಒರೆಸಿ ಕೂರುವಷ್ಟರಲ್ಲಿ ಇನ್ನೊಂದು ಬಂದು ಅಂಟಿಕೊಂಡಿರುತ್ತದೆ.

ಚನ್ನಪಟ್ಟಣದಲ್ಲಿ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿದರೆ ನಮ್ಮ ಪ್ರೆಸ್. ಅಪ್ಪ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಜಾಗವನ್ನು ಈಗ ನಾನು ನೋಡಿಕೊಳ್ಳುತ್ತೇನೆ. ಕೌಂಟರಿನಲ್ಲಿ ನಾನು, ಒಳಗೆ ಮಿಷಿನ್ ಹತ್ತಿರ ನಮ್ಮ ಆಪರೇಟರ್. ಅವರು ಕನಕಪುರ ಕಡೆಯವರು. ನಾನು ಅವರನ್ನು ಅಣ್ಣಾ ಅನ್ನುತ್ತೇನೆ, ಅವರು ನನ್ನನ್ನು ಅಕ್ಕಾ ಅನ್ನುತ್ತಾರೆ. ನಮ್ಮಿಬ್ಬರಲ್ಲಿ ಯಾರು ದೊಡ್ಡವರು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ.

ತೊದಲು

ನಮ್ಮ ಆಫ್‌ಸೆಟ್ ಮಿಷಿನ್ ಜಪಾನಿನದು. ಅಲ್ಲಿ ಯಾವುದೋ ಊರಿನ ಸಣ್ಣ ಪ್ರೆಸ್ಸಿನಲ್ಲಿ ದುಡಿದು, ಹಡಗು ಹತ್ತಿ, ಲಾರಿ ಹತ್ತಿ, ಕೊನೆಗೆ ಕ್ರೇನಿನ ಕೊಕ್ಕೆಗೆ ನೇತಾಡುತ್ತಾ ನಮ್ಮ ಬೀದಿಗೆ ಬಂತು. ಬಾಗಿಲು ಸಾಲದೆ ಗೋಡೆ ಒಡೆಸಿದೆವು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೋಡುತ್ತಾ, "ಅಳಿಯಂದ್ರು ಮೊದಲ ಸಲ ಬಂದಾಗ್ಲೂ ನಾವು ಇಷ್ಟು ಜಾಗ ಬಿಟ್ಟಿರ್ಲಿಲ್ಲ" ಅಂದರು. ಬೀದಿಯವರೆಲ್ಲ ಒಂದೇ ಮಾತು: ಬೆಂಗಳೂರು ಇಷ್ಟು ಹತ್ತಿರ ಇರುವಾಗ ಇಲ್ಲಿ ಯಾರು ಇದಕ್ಕೆ ಕೆಲಸ ಕೊಡ್ತಾರೆ?

ಮೊದಲು ಕೆಲಸ ತಂದವರು ಗುಡೇಮಾರನಹಳ್ಳಿ ಕಡೆಯ ಒಬ್ಬ ಹಿರಿಯರು. ಗೃಹಪ್ರವೇಶದ ಕಾರ್ಡು ಆಗಬೇಕಿತ್ತು. ಮಿಷಿನ್ನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಅದರ ಮೈಮೇಲಿದ್ದ ಜಪಾನಿ ಅಕ್ಷರಗಳನ್ನೆಲ್ಲ ನೋಡಿ, ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ಅವ್ವಾ, ಜಪಾನ್‌ದು ಅಂತೀರಿ. ಇದಕ್ಕೆ ಕನ್ನಡ ಬತ್ತದಾ?"

ನಾನು ಬಾಯಿ ತೆರೆಯುವ ಮುಂಚೆ ಆಪರೇಟರ್ ಅಣ್ಣ ಒಳಗಿಂದಲೇ ಕೂಗಿದರು. "ಕಲೀತಾ ಐತೆ ಗೌಡ್ರೇ. ಒತ್ತಕ್ಷರ ಒಸಿ ಕಷ್ಟ."

ಮೊದಲ ಹಾಳೆ ಹೊರಗೆ ಬಂತು. ಬಣ್ಣಗಳು ಇನ್ನೂ ಒಂದರ ಮೇಲೊಂದು ಸರಿಯಾಗಿ ಕೂತಿರಲಿಲ್ಲ. ಪ್ರತಿ ಅಕ್ಷರದ ಪಕ್ಕ ಅದೇ ಅಕ್ಷರ ಇನ್ನೊಂದು ಸಲ, ನೆರಳಿನ ಹಾಗೆ. ಹಿರಿಯರು ಕನ್ನಡಕ ಏರಿಸಿ ನೋಡಿ ತಲೆ ಆಡಿಸಿದರು. "ದಿಟ ಕಣಪ್ಪ. ತೊದಲ್ತಾ ಐತೆ."

ಅಣ್ಣ ಗುಬುಟು ತಿರುಗಿಸಿದರು, ಒಂದಷ್ಟು ಹಾಳೆ ಬಿಟ್ಟರು, ಮತ್ತೆ ತಿರುಗಿಸಿದರು. ಕೊನೆಗೆ ಮೇಲಿನ ಗಣಪತಿಯಿಂದ ಕೆಳಗಿನ ಊರ ಹೆಸರಿನ ತನಕ ಕೆತ್ತಿದ ಹಾಗೆ ಬಂತು. ಹಿರಿಯರು ಒಂದೊಂದೇ ಒತ್ತಕ್ಷರದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದರು. ಒಂದೂ ತಪ್ಪಿರಲಿಲ್ಲ.

"ಪರ್ವಾಗಿಲ್ವೇ!" ಅಂದರು. "ಬಂದ ವಾರಕ್ಕೇ ಕಲ್ತ್‌ಬುಡ್ತು. ನಮ್ಮ ಮೊಮ್ಮಗ ಎಷ್ಟೋ ವರ್ಸದಿಂದ ಕಾನ್ವೆಂಟಿಗೆ ಹೋಯ್ತಾ ಅವ್ನೆ, ಅವನ್ಗಿನ್ನೂ ಬಂದಿಲ್ಲ."

ಹಣ್ಣಿನ ಬಣ್ಣ

ರಾಮನಗರದ ಮಾವಿನ ವ್ಯಾಪಾರಿಯೊಬ್ಬರು ಡಬ್ಬಿಯ ಮೇಲೆ ಅಂಟಿಸುವ ಲೇಬಲ್ಲಿಗಾಗಿ ಬಂದರು. ಬೆಂಗಳೂರಿನಲ್ಲಿ ಮಾಡಿಸಿದ್ದ ಲೇಬಲ್ಲಿನಲ್ಲಿ ಮಾವು ಪರಂಗಿಯ ಹಾಗೆ ಕಂಡಿತ್ತಂತೆ. ಚೀಲದಿಂದ ಒಂದು ಬಾದಾಮಿ ಮಾವು ತೆಗೆದು ಕೌಂಟರಿನ ಮೇಲಿಟ್ಟರು. "ಇದೇ ಬಣ್ಣ ಬರ್ಬೇಕು. ಒಂಚೂರೂ ಆಚೆ ಈಚೆ ಆಗ್ಬಾರ್ದು."

ಮಾರನೆಯ ದಿನ ಸ್ಯಾಂಪಲ್ ಹಾಳೆ ತೋರಿಸಿದೆವು. ಹಣ್ಣನ್ನು ಪಕ್ಕಕ್ಕೆ ಹಿಡಿದು, "ಹಳದಿ ಸಾಲ್ದು" ಅಂದರು. ಅಣ್ಣ ಹಳದಿ ಏರಿಸಿದರು. ಅದರ ಮಾರನೆಯ ದಿನ, "ಕೆಂಪು ಕಮ್ಮಿ." ಕೆಂಪು ಏರಿಸಿದರು. ಆಮೇಲೆ, "ಇಲ್ಲ, ಏನೋ ಮಂಕು." ಅಣ್ಣ ಉರುಳೆಗಳನ್ನೆಲ್ಲ ತೊಳೆದರು. ನನಗೆ ಮಿಷಿನ್ನಿನ ಮೇಲೇ ಅನುಮಾನ ಬಂತು. ವ್ಯಾಪಾರಿಯೂ, "ನಿಮ್ ಕೈಲೂ ಆಗಲ್ಲ ಬುಡಿ" ಅನ್ನುವ ಹಂತಕ್ಕೆ ಬಂದಿದ್ದರು.

ಆ ಹೊತ್ತಿಗೆ ಕಾಫಿ ತಂದ ಅಮ್ಮ ಬಾಗಿಲಲ್ಲೇ ನಿಂತು ಮೂಗು ಅರಳಿಸಿದರು. "ಏನ್ ಘಮಘಮ ಅಂತಿದೆ! ಅಲ್ಲ, ಹಣ್ಣು ಕೂತಲ್ಲೇ ದಿನಾ ಮಾಗ್ತಾ ಇದೆ, ನೀವು ಮೂರು ಜನ ಅದರ ಹಿಂದೆ ಓಡ್ತಾ ಇದ್ದೀರಲ್ಲ!"

ಹುಟ್ಟಿದಾಗಿನಿಂದ ಮಾವು ಮಾರಿದ ಮನುಷ್ಯ. ಹಣ್ಣು ನೋಡಿದರು, ಹಾಳೆ ನೋಡಿದರು, ತಲೆ ಮೇಲೆ ಕೈ ಇಟ್ಟುಕೊಂಡು ನಕ್ಕರು. ಆಮೇಲೆ ಕೆಲಸ ಸಲೀಸಾಯಿತು. ಹಣ್ಣು ಅವತ್ತು ಇದ್ದ ಬಣ್ಣಕ್ಕೇ ನಿಲ್ಲಿಸಿ, ಸಂಜೆಯೊಳಗೆ ಲೇಬಲ್ ಪೂರ್ತಿ ಹೊಡೆದೆವು. ಆ ಸೀಸನ್ನಿನಲ್ಲಿ ಮಂಡಿಯ ಆ ತುದಿಯಿಂದ ನೋಡಿದರೂ ಅವರ ಡಬ್ಬಿಗಳೇ ಕಾಣುತ್ತಿದ್ದವು.

ಲೇಬಲ್ ಒಯ್ಯಲು ಬಂದಾಗ ಅವರು ಕೊನೇ ಸಲ ತಾಳೆ ನೋಡಲು ಹಣ್ಣು ಕೇಳಿದರು. ಕೌಂಟರಿನ ಮೇಲೆ ಇರಲಿಲ್ಲ. ಅಣ್ಣ ಬಾಯಿ ಒರೆಸಿಕೊಳ್ಳುತ್ತಾ ಹೊರಗೆ ಬಂದು ಹೇಳಿದರು. "ಬಣ್ಣ ಸರಿಗೈತೆ ಸಾರ್. ರುಚೀನೂ ಚೆಕ್ ಮಾಡ್ದೆ."

ಬೆನ್ನ ಹಿಂದೆ

ಪಂಚಾಯ್ತಿ ಚುನಾವಣೆ ಬಂದರೆ ನಮಗೆ ಪಕ್ಷವಿಲ್ಲ, ಜಾತಿಯಿಲ್ಲ. ಎಲ್ಲರ ಮುಖಕ್ಕೂ ಅದೇ ನಾಲ್ಕು ಬಣ್ಣ. ಒಮ್ಮೆ ಒಂದೇ ವಾರ್ಡಿನ ಇಬ್ಬರು ಎದುರಾಳಿಗಳು ಒಬ್ಬರಿಗೊಬ್ಬರು ತಿಳಿಯದ ಹಾಗೆ ನಮ್ಮಲ್ಲೇ ಕರಪತ್ರಕ್ಕೆ ಕೊಟ್ಟಿದ್ದರು.

ಒಬ್ಬರ ಹಾಳೆಯ ಮಸಿ ಆರುವ ಮುಂಚೆ ಇನ್ನೊಬ್ಬರ ಹಾಳೆಗಳು ಅದರ ಮೇಲೆ ಬಿದ್ದವು. ಹಸಿ ಮಸಿ ಅಂಟಿದ್ದು ಒಂದೇ ಹಾಳೆಯ ಬೆನ್ನಿಗೆ. ಆದರೆ ಕಟ್ಟು ಒಯ್ಯಲು ಬಂದ ಅಭ್ಯರ್ಥಿ ಅದನ್ನು ಮಗುಚಿ ನೋಡಿದರೆ ಕಣ್ಣಿಗೆ ಬಿದ್ದದ್ದು ಅದೇ. ಮುಂದೆ ಕೈ ಮುಗಿದು ನಿಂತ ಇವರು, ಬೆನ್ನಲ್ಲಿ ಮಸುಕಾಗಿ, ದೆವ್ವದ ಹಾಗೆ, ಎದುರಾಳಿಯ ಮುಖ.

ನಾನು, ಇನ್ನು ಗಲಾಟೆ, ಇನ್ನು ಬೆಂಬಲಿಗರು, ಇನ್ನು ಗಾಜು ಒಡೆಯೋದು ಅಂತ ಲೆಕ್ಕ ಹಾಕುತ್ತಾ, "ಸಾರ್, ಅದೊಂದೇ ಹಾಳೆ, ತೆಗೆದು ಬಿಸಾಡ್ತೀನಿ" ಅಂದೆ.

ಅವರು ಹಾಳೆಯನ್ನು ಎದೆಗೆ ಅವುಚಿಕೊಂಡರು.

"ಬಿಸಾಡ್‌ಬ್ಯಾಡಿ ಮೇಡಮ್ಮೋರೆ! ನಾನ್ ಮುಂದೆ, ಅವ್ನು ಹಿಂದೆ. ಮಿಕ್ಕಿದ್ದಕ್ಕೂ ಹಿಂಗೇ ಹೊಡ್ಕೊಡಿ!"

ಗುಂಡು ಕಾರ್ಡು

ಕುದೂರಿನ ಒಬ್ಬ ರೈತರು ಮಗಳ ಮದುವೆ ಕಾರ್ಡಿಗೆ ಬಂದವರು ಕೂತು ಎದ್ದು ಮತ್ತೆ ಕೂತರು. ಕಷ್ಟ ಏನೆಂದರೆ, ಅವರ ಅಣ್ಣನಿಗೂ ತಮ್ಮನಿಗೂ ಮಾತಿಲ್ಲ. ಸುಖಾಗಮನ ಬಯಸುವವರಲ್ಲಿ ತನ್ನ ಹೆಸರೇ ಮೊದಲು ಬರಬೇಕೆಂದು ಇಬ್ಬರ ಹಟ. "ಅಣ್ಣ ಹಿರೀಕ, ತಮ್ಮ ಡೇರಿ ಅಧ್ಯಕ್ಷ. ಯಾರ್ನ ಮೊದ್ಲು ಹಾಕುದ್ರೂ ಇನ್ನೊಬ್ಬ ಮದ್ವೆಗೆ ಬರಾಕಿಲ್ಲ ತಾಯಿ. ಹೆಣ್ಣು ಅಳ್ತಾ ಕುಂತೈತೆ, ದೊಡ್ಡಪ್ಪ ಚಿಕ್ಕಪ್ಪ ಇಬ್ರೂ ಧಾರೆಗೆ ಇರ್ಬೇಕು ಅಂತ."

ಮಗು ಅಳುತ್ತಿದೆ ಅಂದ ಮೇಲೆ ಏನಾದರೂ ಮಾಡಲೇಬೇಕಲ್ಲ. ಯೋಚಿಸಿ, ಕಾರ್ಡನ್ನೇ ತಟ್ಟೆಯ ಹಾಗೆ ಗುಂಡಗೆ ಕತ್ತರಿಸುವುದೆಂದು ಮಾಡಿದೆ. ನಡುವೆ ಗಂಡು ಹೆಣ್ಣು, ಅವರ ಸುತ್ತ ಬಳೆಯ ಹಾಗೆ ನೆಂಟರ ಹೆಸರು. ಮೊದಲೂ ಇಲ್ಲ, ಕೊನೆಯೂ ಇಲ್ಲ.

ಮೊದಲ ಕಾರ್ಡು ನೋಡಲು ಹಿರಿಯಣ್ಣನೇ ಬಂದರು. ಮೀಸೆ ಕುಣಿಸಿ, "ಇದ್ರಾಗೆ ಮೇಲ್ಗಡೆ ಯಾರವ್ರೆ?" ಅಂದರು.

"ಯಾರು ಹಿಡ್ಕೊಂಡ್ರೆ ಅವ್ರೇ ಮೇಲ್ಗಡೆ, ಯಜಮಾನ್ರೇ" ಅಂದೆ.

ಅವರು ಬಸ್ಸಿನ ಸ್ಟೇರಿಂಗ್ ತಿರುಗಿಸಿದ ಹಾಗೆ ಕಾರ್ಡನ್ನು ತಿರುಗಿಸಿ ತಿರುಗಿಸಿ, ತಮ್ಮ ಹೆಸರು ನೆತ್ತಿಗೆ ಬಂದ ತಕ್ಷಣ ನಿಲ್ಲಿಸಿ, ಹಾಗೇ ಹಿಡಿದುಕೊಂಡು ಹೋದರು. ಸಂಜೆ ತಮ್ಮ ಬಂದು ಹಾಗೇ ಮಾಡಿದರು.

ಮದುವೆಗೆ ಇಬ್ಬರೂ ಬಂದರು. ಧಾರೆಯ ಹೊತ್ತಿಗೆ ಹೆಣ್ಣಿನ ಎಡಕ್ಕೊಬ್ಬರು ಬಲಕ್ಕೊಬ್ಬರು ನಿಂತು ಕಣ್ಣು ಒರೆಸಿಕೊಂಡರಂತೆ. ಆಮೇಲೆ ಆ ಹೋಬಳಿಯಲ್ಲಿ ಗುಂಡು ಕಾರ್ಡು ಇಲ್ಲದೆ ಮದುವೆಯೇ ಇಲ್ಲ ಅನ್ನುವ ಹಾಗಾಯಿತು. ಹೆಣ್ಣಿನ ಅಪ್ಪ ಬಾಳೆಗೊನೆ ಹೊತ್ತುಕೊಂಡು ಬಂದು ಸಂತೋಷ ಹೇಳಿಕೊಂಡರು.

"ಎಲ್ಲಾ ಚೆಂದಾಗಾಯ್ತು ತಾಯಿ. ಒಂದೇ ತಾಪತ್ರಯ. ಮಿಕ್ಕ ನೆಂಟ್ರೆಲ್ಲ ಕಾರ್ಡ್ ತಿರುಗ್ಸಿ ತಿರುಗ್ಸಿ ತಲೆಸುತ್ತು ಬಂದು, ಮೂರ್ತ ಎಷ್ಟೊತ್ಗೆ ಅಂತ್ಲೇ ಓದ್ನಿಲ್ಲ. ಸೀದಾ ಊಟಕ್ಕೇ ಬಂದ್ಬುಟ್ರು."

ಕೆಂಪಕ್ಷರ

ನಮ್ಮೂರಿನ ಬೊಂಬೆ ಮಾಡುವವರೊಬ್ಬರಿಗೆ ಜಪಾನಿನಿಂದ ದೊಡ್ಡ ಆರ್ಡರ್ ಬರುವ ಸೂಚನೆ ಇತ್ತು. ಬೊಂಬೆ ಒಪ್ಪಿಗೆಯಾಗಿತ್ತು, ಅದನ್ನು ಇಡುವ ಡಬ್ಬಿ ಎಲ್ಲಿ ಪ್ರಿಂಟ್ ಆಗಬೇಕು ಅನ್ನುವುದಷ್ಟೇ ಬಾಕಿ. ಬೆಂಗಳೂರಿನ ಏಜೆಂಟ್ ಒಬ್ಬ, "ಆ ಊರಲ್ಲಿ ಕಾರ್ಡು ಪಾಂಪ್ಲೆಟ್ಟು ಹೊಡೀಬಹುದು, ಎಕ್ಸ್‌ಪೋರ್ಟ್ ಡಬ್ಬಿ ಆಗಲ್ಲ" ಅಂತ ಹೇಳಿಬಿಟ್ಟಿದ್ದ. ಕೊಳ್ಳುವ ಜಪಾನಿ ಹೆಂಗಸು ತಾನೇ ಬಂದು ನೋಡುತ್ತೇನೆಂದರು. ಜೊತೆಗೆ ಮಾತು ತಿಳಿಸಿಕೊಡಲು ಜಪಾನಿ ಬಲ್ಲ ಹುಡುಗಿ, ಬಿಡದೆ ಹಿಂದೆಯೇ ಆ ಏಜೆಂಟ್.

"ಅಕ್ಕಾ, ನನ್ ಮರ್ಯಾದೆ ನಿಮ್ ಕೈಲೈತೆ" ಅಂತ ಬೊಂಬೆಯವರು ಬೆವರುತ್ತಿದ್ದರು.

ಇಲ್ಲಿ ಒಂದು ವಿಷಯ ಹೇಳಬೇಕು. ಮಿಷಿನ್ನಿನ ಪಕ್ಕದ ತಗಡಿನ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ಕೈಯಾರೆ ಬರೆದ ಜಪಾನಿ ಅಕ್ಷರಗಳಿದ್ದವು. ಅದು ಅವರ ಕಡೆಯ ಮಂತ್ರ ಅಂತ ಆಪರೇಟರ್ ಅಣ್ಣನ ನಂಬಿಕೆ. ದಿನಾ ಬೆಳಿಗ್ಗೆ ಅದಕ್ಕೆ ಕುಂಕುಮ, ಸೇವಂತಿಗೆ ಹೂವು, ಊದುಬತ್ತಿ. ಆಯುಧಪೂಜೆಗೆ ಅಮ್ಮನೂ ಅಲ್ಲೇ ಆರತಿ ಎತ್ತುತ್ತಿದ್ದರು. ಅದರ ಮೇಲಿನ ತಗಡು ಮೋಟಾರಿನ ಶಾಖಕ್ಕೆ ಬೆಚ್ಚಗಿರುತ್ತಿದ್ದುದರಿಂದ, ಅಣ್ಣ ತಮ್ಮ ಊಟದ ಡಬ್ಬಿಯನ್ನು ಅಲ್ಲೇ ಇಡುತ್ತಿದ್ದರು. ಮಧ್ಯಾಹ್ನದ ತನಕ ಮುದ್ದೆ ಆರುತ್ತಿರಲಿಲ್ಲ.

ಆ ಹೆಂಗಸು ಬಂದರು. ನಾವು ಹೊಡೆದಿದ್ದ ಡಬ್ಬಿಯ ಹಾಳೆಯ ಮೇಲೆ ಭೂತಗನ್ನಡಿ ಇಟ್ಟು ಮೂಲೆ ಮೂಲೆ ನೋಡಿದರು. ಮುಖದಲ್ಲಿ ಏನೂ ಇಲ್ಲ. ಏಜೆಂಟ್ ಸಣ್ಣಗೆ ನಗುತ್ತಿದ್ದ. ಆಮೇಲೆ ಅವರು ಮಿಷಿನ್ನಿನ ಕಡೆ ತಿರುಗಿದರು. ಕೆಂಪಕ್ಷರ ಕಂಡಿತು. ಬಗ್ಗಿ ಓದಿದರು. ತಲೆ ಎತ್ತಿ ಅಣ್ಣನ ಡಬ್ಬಿ ನೋಡಿದರು. ಮತ್ತೆ ಅಕ್ಷರ, ಮತ್ತೆ ಡಬ್ಬಿ. ಇದ್ದಕ್ಕಿದ್ದ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಭುಜ ನಡುಗತೊಡಗಿತು.

"ಅಳ್ತಾವ್ರೆ" ಅಂತ ಬೊಂಬೆಯವರು ಪಿಸುಗುಟ್ಟಿದರು. "ಅವ್ರ ದೇವ್ರನ್ನ ಇಲ್ಲಿ ಕಂಡ್ರಲ್ಲ, ಅದ್ಕೆ." ಅಂದವರೇ ಕೈ ಮುಗಿದರು. ಅಣ್ಣ ಚಪ್ಪಲಿ ಬಿಟ್ಟರು. ನಾನೂ ಸೆರಗು ಸರಿಮಾಡಿಕೊಂಡೆ. ಏಜೆಂಟ್ ಕೂಡ, ಎಲ್ಲರೂ ಮುಗಿದರಲ್ಲ ಅಂತ ಕೈ ಮುಗಿದ.

ಜೊತೆಗೆ ಬಂದಿದ್ದ ಹುಡುಗಿ ಬಗ್ಗಿ ಓದಿ, ತುಟಿ ಕಚ್ಚಿಕೊಂಡು ಹೇಳಿದಳು. "'ದಯವಿಟ್ಟು ಇಲ್ಲಿ ಊಟದ ಡಬ್ಬಿ ಇಡಬೇಡಿ. ವಾಸನೆ ಕಾಗದಕ್ಕೆ ಹತ್ತುತ್ತೆ' ಅಂತ ಬರೆದಿದೆ."

ಎಲ್ಲರ ಕಣ್ಣೂ ಆ ತಗಡಿನ ಮೇಲೆ. ಅಕ್ಷರದ ಮೇಲೆ ಕುಂಕುಮ, ಪಕ್ಕದಲ್ಲಿ ಹೂವು, ಊದುಬತ್ತಿಯ ಹೊಗೆ, ಅದರ ನೆತ್ತಿಯ ಮೇಲೆ ಮುದ್ದೆ ಬಸ್ಸಾರಿನ ಡಬ್ಬಿ. ಮೊದಲು ಆ ಹೆಂಗಸೇ ತಡೆಯಲಾರದೆ ನಕ್ಕರು. ಆಮೇಲೆ ನಾನು, ಆಮೇಲೆ ಬೊಂಬೆಯವರು. ನಗು ಬೀದಿಗೆ ಕೇಳಿಸಿತು.

ಕಣ್ಣು ಒರೆಸಿಕೊಂಡು ಅವರು ನಮ್ಮ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿದರು. ಏನೋ ಹೇಳಿದರು. ಹುಡುಗಿ ನನ್ನ ಕಡೆ ತಿರುಗಿದಳು. "ವಾಸನೆ ಇಲ್ಲವಂತೆ ಮೇಡಂ. ಕೆಲಸ ತುಂಬ ಚೆನ್ನಾಗಿದೆಯಂತೆ. ಡಬ್ಬಿ ಎಲ್ಲಾ ಇಲ್ಲೇ ಆಗಲಿ ಅಂತಿದ್ದಾರೆ."

ಏಜೆಂಟ್ ಮುಗಿದ ಕೈ ಹಾಗೇ ಉಳಿಯಿತು. ಬೊಂಬೆಯವರು ನಿಂತಲ್ಲೇ ಒಂದು ಕುಣಿತ ಕುಣಿದರು.

ಅಷ್ಟು ಹೊತ್ತೂ ತಲೆ ತಗ್ಗಿಸಿ ನಿಂತಿದ್ದ ಆಪರೇಟರ್ ಅಣ್ಣ ಈಗ ನಿಧಾನಕ್ಕೆ ಎದೆ ಉಬ್ಬಿಸಿದರು.

"ನೋಡುದ್ರಾ ಅಕ್ಕಾ? ಇಡ್‌ಬ್ಯಾಡಿ ಅಂತ ಬರ್ದವ್ರೆ ಅಂದ್ರೆ, ಜಪಾನ್‌ನಾಗೂ ಎಲ್ರೂ ಇಲ್ಲೇ ಇಡ್ತಿದ್ರು ಅಂತಾಯ್ತು! ಯಾರೂ ಹೇಳ್‌ಕೊಡ್ದೆ ನಾನು ಸರ್ಯಾದ ಜಾಗಾನೇ ಹುಡ್ಕಿವ್ನಿ!"